ಮೂರು ಗೀಟಿನ ಬೆನ್ನು

ಬನ್ನಿ ಮಕ್ಕಳಾ, ಹತ್ರ ಕೂತ್ಕೊಳ್ಳಿ. ಹೇಳ್ತೀನಿ, ಆದ್ರೆ ನಾನ್ ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ.

ಕಾಡಂಚಿನ ಹೊಂಗೆ ಮರದ ಬುಡದಲ್ಲಿ ಆಮೆ ಮೇಷ್ಟ್ರ ಇಸ್ಕೂಲು. ಗೌಜಲಕ್ಕಿ ಮಗಳು ಚಿಣ್ಣಿ ಅಲ್ಲೇ ಓದ್ತಿದ್ಲು. ಈಗಷ್ಟೇ ರೆಕ್ಕೆ ಬಲೀತಿರೋ ವಯಸ್ಸು. ಆದ್ರೆ ದಿನಾ ಮನೆಗೆ ಬರೋವಾಗ ಒಂದು ಪುಕ್ಕ ಕಮ್ಮಿ. ರೆಕ್ಕೆ ಬೋಳಾದ್ರೆ ಹಾರೋದು ಹೇಗೆ? ಕಾಡುಬೆಕ್ಕು ಬಂದ್ರೆ ಗತಿ ಏನು?

"ಇನ್ಯಾರು, ಆ ಮುಂಗುಸಿ ಹೈದ ಕೆಂಚನೇ ಕೀಳೋದು," ಅಂದ್ಲು ಪಕ್ಕದ ಪೊಟರೆ ಗೊರವಂಕ. "ಅವರಪ್ಪ ಮೊಟ್ಟೆ ಕದ್ದು ಬೆಳೆದೋನು. ಹುಟ್ಟುಗುಣ ಸುಟ್ರೂ ಹೋಗಲ್ಲ ಕಣಕ್ಕ."

"ಅಳಿಲು ಮರಿ ಚುರ್ಕನೂ ಇವಳ ಪಕ್ಕದಲ್ಲೇ ಕೂರ್ತಾನಲ್ಲ?" ಅಂದ್ಲು ಗೌಜಲಕ್ಕಿ.

"ಬಿಡ್ತು ಅನ್ನು. ಬೆನ್ ಮೇಲೆ ರಾಮದೇವರು ಕೈ ಆಡಿಸಿದ ಜಾತಿ ಅದು. ಮೂರು ಗೀಟು ಕಾಣಲ್ವಾ?"

ಮೇಷ್ಟ್ರೂ ಹೂಂ ಅಂದ್ರು. "ಚುರ್ಕ ಕೆಟ್ಟದ್ ಮಾಡೋ ಜಾತಿ ಅಲ್ಲ," ಅಂತ ಎಲ್ಲರೆದುರೇ ಹೇಳಿದ್ರು. ಕತ್ತು ಚಿಪ್ಪೊಳಗೆ ಎಳ್ಕೊಂಡು ಯೋಚ್ನೆ ಮಾಡೋರಿಗೆ ಹೊರಗಿಂದು ಏನ್ ಕಂಡೀತು? ಕೆಂಚನ್ನ ಇಸ್ಕೂಲಿನ ಬೇಲಿ ಆಚೆ ಅಟ್ಟಿದ್ರು.

ಮಾರನೇ ದಿನವೂ ಪುಕ್ಕ ಹೋಯ್ತು.

"ಬೇಲಿ ಸಂದೀಲಿ ನುಗ್ತಾನೆ," ಅಂದ್ಲು ಗೊರವಂಕ. ಸಂದಿಗೆ ಮುಳ್ಳು ತುರುಕಿದ್ರು. ಆಮೇಲೂ ಹೋಯ್ತು. "ಮಾಟ ಕಲ್ತಿರ್ಬೇಕು," ಅಂದ್ಲು.

ಕೊನೆಗೆ ಬೇಲಿ ಆಚೆಯಿಂದ ಕೆಂಚನೇ ಕೂಗಿದ. "ಲೇ ಚಿಣ್ಣಿ, ನಿನ್ ಪುಕ್ಕ ಯಾರೇ ಕೀಳೋದು?"

"ಚುರ್ಕ."

ಗೊರವಂಕ ಹಾರಿ ಹೋಗಿ ನೋಡ್ತಾಳೆ, ಚುರ್ಕನ ಗೂಡಲ್ಲಿ ಮೆತ್ತಗೆ ಪುಕ್ಕದ ಹಾಸಿಗೆ.

"ಮೊದ್ಲೇ ಬಾಯಿ ಬಿಡೋಕೆ ಏನಾಗಿತ್ತೇ ನಿಂಗೆ?" ಅಂತ ವಾಪಸ್ ಬಂದು ಚಿಣ್ಣಿ ಮೇಲೇ ರೇಗಿದ್ಲು.

"ನನ್ನ ಯಾರು ಕೇಳಿದ್ರಿ ಅತ್ತೆ?"

ಮೇಷ್ಟ್ರು ಈಗ ಕತ್ತು ಹೊರಗೆ ಹಾಕಿದ್ರು. "ಯಾಕೋ ಕಿತ್ತೆ?"

"ನಾನು ಕೆಟ್ಟದ್ ಮಾಡೋ ಜಾತಿ ಅಲ್ಲ ಅಂದಿದ್ದು ನೀವೇ ಅಲ್ವಾ ಮೇಷ್ಟ್ರೇ?" ಅಂದ ಚುರ್ಕ. "ಅದಕ್ಕೆ, ನಾನ್ ಮಾಡಿದ್ದು ಕೆಟ್ಟದ್ದಲ್ಲ ಅನ್ಕೊಂಡೆ."

"ನಂಗೆ ಅವತ್ತೇ ಅನುಮಾನ," ಅಂದ್ಲು ಗೊರವಂಕ. "ಗೀಟಿನ ಜಾತಿನೇ ಕಳ್ಳ ಜಾತಿ. ಎಲ್ಲಾ ಅಳಿಲನ್ನೂ ಓಡ್ಸಿ."

"ಜಾತಿ ಮಾತು ಸಾಕು ಮಾಡೇ," ಅಂದ್ಲು ಗೌಜಲಕ್ಕಿ. "ಕಿತ್ತೋನು ಇವನೊಬ್ಬ. ಪುಕ್ಕ ಮತ್ತೆ ಬರೋ ತನಕ ಕೊಂಬೆ ಮೇಲೆ ಕೂತು, ಬೆಕ್ಕು ಬಂದ್ರೆ ಕೂಗಿ ಹೇಳಿ ನನ್ ಮಗಳನ್ನ ಕಾಯ್ಲಿ."

ಚುರ್ಕ ಕಾದ. ಮೇಷ್ಟ್ರು ಕೆಂಚನ್ನೂ ಒಳಗೆ ಕರೆದ್ರು. ಬಂದ. ಆದ್ರೆ ಬೆನ್ನು ಮರಕ್ಕೆ ಒತ್ಕೊಂಡು, ಎಲ್ಲರ ಮೇಲೂ ಕಣ್ಣಿಟ್ಟೇ ಕೂತ. ಇವತ್ತಿಗೂ ಹಂಗೇ ಕೂರ್ತಾನೆ.

ನೀತಿ: ಹುಟ್ಟು ನೋಡಿ ತಪ್ಪು ಹೊರಿಸ್ಬೇಡಿ, ನೊಂದ ಮಗೂನ ಮೊದ್ಲು ಕೇಳಿ.