ಜೋಲಿ ಬಂಡಿ ಮತ್ತು ಏಳು ಅತ್ತಿಹಣ್ಣು

ಬೋರೆಗುಡ್ಡದ ಕಾಡಿನ ನಡುವೆ ಒಂದು ಕೆರೆಯಿತ್ತು. ಬೇಸಿಗೆಯಲ್ಲಿ ಅದು ಬತ್ತಿ, ನೆಲ ರೊಟ್ಟಿ ಹೆಂಚಿನಂತೆ ಸಪಾಟಾಗಿಬಿಡುತ್ತಿತ್ತು. ಅಲ್ಲಿ ಬಂಡಿಗಳನ್ನು ಓಡಿಸಿ ನೋಡಿ, ಇದು ಒಳ್ಳೆಯದು, ಇದು ಕೆಟ್ಟದ್ದು ಎಂದು ತೀರ್ಪು ಹೇಳುವವನು ಚಂಗಣ್ಣ ಎಂಬ ಮೊಲ. ಅವನು ಹಸಿರು ಬಳ್ಳಿ ಕಟ್ಟಿದ ಬಂಡಿಯನ್ನಷ್ಟೇ ಕಾಡಿನವರು ಹತ್ತುತ್ತಿದ್ದರು. ಮಕ್ಕಳೇ, ಚಂಗಣ್ಣ ಕೆಟ್ಟವನೇನಲ್ಲ. ತನಗೆ ಗೊತ್ತಿಲ್ಲದ್ದೂ ಒಂದಿಷ್ಟು ಇರಬಹುದು ಎಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ, ಅಷ್ಟೇ.

ಆ ವರ್ಷ ಮೋಡ ಬೇಗ ಕಟ್ಟಿತು. ಕೆರೆಯೊಳಗಿನ ಪೊದೆಯಲ್ಲಿ ಏಳು ಮೊಟ್ಟೆ ಇಟ್ಟಿದ್ದ ಗೌಜವ್ವ ಎಂಬ ಗೌಜಲಹಕ್ಕಿಗೆ ಎದೆ ಡವಡವ ಎಂದಿತು. ಕೆರೆಗೆ ನೀರು ಬಂದರೆ ಮೊಟ್ಟೆಗಳು ಉಳಿಯುವುದಿಲ್ಲ. ಸಂಜೆಯೊಳಗೆ ಅವನ್ನು ಗುಡ್ಡದ ಮೇಲಕ್ಕೆ ಸಾಗಿಸಲೇಬೇಕು.

ಬಂಡಿ ಮಾಡುವ ಮುಳ್ಳುಹಂದಿ ಮುಳ್ಳಜ್ಜ ಎರಡು ಬಂಡಿ ತಂದು ನಿಲ್ಲಿಸಿದ. ಒಂದರ ಹಲಗೆಯನ್ನು ಅಚ್ಚಿಗೇ ಬಿಗಿಯಾಗಿ ಕೂರಿಸಿದ್ದ. ಇನ್ನೊಂದರಲ್ಲಿ ನಾಲ್ಕು ಗೂಟಕ್ಕೆ ನಾರಿನ ಹಗ್ಗ ಕಟ್ಟಿ ಜೋಲಿ ಇಳಿಬಿಟ್ಟಿದ್ದ. ಎರಡನ್ನೂ ಎಳೆಯಲು ಚಿಗರೆ ಸಿದ್ಧನಿದ್ದ.

ಚಂಗಣ್ಣ ಮೊದಲು ಬಿಗಿ ಬಂಡಿ ಹತ್ತಿದ. "ಬಿಡೋ ಚಿಗರೆ, ಗಾಳಿಯೂ ಹಿಂದೆ ಬೀಳಬೇಕು!"

ಕೆರೆಯಂಗಳದಲ್ಲಿ ಮೂರು ಸುತ್ತು ಓಡಿತು. ಎಂಥ ತಿರುವಿನಲ್ಲೂ ಬಂಡಿ ಒಂದು ಚೂರೂ ವಾಲಲಿಲ್ಲ. ಚಂಗಣ್ಣನ ಎರಡೂ ಕಿವಿ ಖುಷಿಯಿಂದ ನೆಟ್ಟಗಾದವು.

ಆಮೇಲೆ ಜೋಲಿ ಬಂಡಿ. ಮೊದಲ ತಿರುವಿನಲ್ಲಿ ಜೋಲಿ ಅತ್ತ ತೂಗಿತು, ಎರಡನೆಯದರಲ್ಲಿ ಇತ್ತ. ಚಂಗಣ್ಣ ಹೊಟ್ಟೆ ಹಿಡಿದುಕೊಂಡು ಇಳಿದ.

"ಥೂ! ಇದೇನು ಬಂಡಿಯೋ, ತೊಟ್ಟಿಲೋ?"

"ಅದು ಓಟಕ್ಕೆ ಮಾಡಿದ್ದಲ್ಲಪ್ಪ, ಗುಡ್ಡದ ದಾರಿಗೆ..." ಎಂದು ಮುಳ್ಳಜ್ಜ ಬಾಯಿ ತೆರೆದ.

"ಅಜ್ಜ, ಬಂಡಿ ಮಾಡೋದು ನಿಮ್ಮ ಕೆಲಸ. ತೀರ್ಪು ಹೇಳೋದು ನನ್ನದು." ಚಂಗಣ್ಣ ಬಿಗಿ ಬಂಡಿಗೆ ಬಳ್ಳಿ ಕಟ್ಟಿಯೇಬಿಟ್ಟ.

ಗೌಜವ್ವ ಒಮ್ಮೆ ಕೆರೆಯಂಗಳ ನೋಡಿದಳು, ಒಮ್ಮೆ ಗುಡ್ಡದ ದಾರಿ ನೋಡಿದಳು. ಕಾಳು ಹೆಕ್ಕಲು ಅವಳು ದಿನಾ ಓಡಾಡುವ ದಾರಿ ಅದು. ಅಲ್ಲಿನ ಗುಂಡಿ, ಕಲ್ಲು, ಬೇರು ಎಲ್ಲವೂ ಅವಳ ಕಾಲಿಗೆ ಗೊತ್ತು.

"ಚಂಗಣ್ಣ, ನನ್ನ ಮೊಟ್ಟೆ ಈ ಅಂಗಳದಲ್ಲಿ ಸುತ್ತು ಹಾಕೋಕೆ ಹೋಗ್ತಿಲ್ಲ. ಆ ದಾರೀಲಿ ಒಂದು ಸಲ ನೋಡೋಣ."

"ಇಲ್ಲಿ ಗೆದ್ದ ಬಂಡಿ ಎಲ್ಲಿ ಬೇಕಾದರೂ ಗೆಲ್ಲುತ್ತೆ, ಸುಮ್ನಿರವ್ವ."

"ಹಾಗಾದ್ರೆ ನೀನೇ ಕೂತ್ಕೋ. ಮೊಟ್ಟೆ ಬದಲು ಏಳು ಅತ್ತಿಹಣ್ಣು ಪಕ್ಕದಲ್ಲಿಟ್ಕೋ. ಆ ಹುಣಸೆಮರದವರೆಗೆ ಹೋದ್ರೆ ಸಾಕು. ಒಂದೂ ಒಡೀಲಿಲ್ಲ ಅಂದ್ರೆ ನನ್ನ ಮೊಟ್ಟೆ ನಿನ್ನ ಬಂಡಿಗೇ."

"ಬೇಕಾದ್ರೆ ಇನ್ನೆರಡು ಇಡು!" ಎಂದು ನಗುತ್ತಾ ಚಂಗಣ್ಣ ಹತ್ತಿ ಕೂತ.

ಮೊದಲ ಕಲ್ಲಿಗೆ ಗಾಲಿ ತಗುಲಿತು. ಚಂಗಣ್ಣ ಗೇಣುದ್ದ ಮೇಲೆ ಹಾರಿ ಹಲಗೆಯ ಮೇಲೆ ದೊಪ್ಪನೆ ಬಿದ್ದ. ಎರಡನೆಯ ಕಲ್ಲಿಗೆ ನಾಲಿಗೆ ಕಚ್ಚಿಕೊಂಡ. ಆಮೇಲೆ ಗುಂಡಿ ಬಂತು, ಬೇರು ಬಂತು, ಮತ್ತೆ ಗುಂಡಿ.

"ಮೆಲ್ಲಗೆ ಕಣೋ!"

"ಇದಕ್ಕಿಂತ ಮೆಲ್ಲಗೆ ಅಂದ್ರೆ ನಿಂತೇ ಬಿಡ್ಬೇಕು, ಅಣ್ಣ," ಎಂದ ಚಿಗರೆ.

ಹುಣಸೆಮರ ಬಂದಾಗ ಏಳು ಹಣ್ಣುಗಳಲ್ಲಿ ಒಂದೂ ಉಳಿದಿರಲಿಲ್ಲ. ಹಲಗೆಯ ತುಂಬಾ ಕೆಂಪು ರಸ, ಚಂಗಣ್ಣನ ಬಿಳಿ ಹೊಟ್ಟೆಯ ಮೇಲೂ ಅದೇ. ಇವು ಮೊಟ್ಟೆಗಳಾಗಿದ್ದರೆ? ನಾಚಿಕೆಯಿಂದ ಅವನ ಕಿವಿ ಎರಡೂ ಜೋತುಬಿದ್ದವು.

ಅಷ್ಟರಲ್ಲಿ ಗುಡುಗು ಕೇಳಿಸಿತು. ಚಂಗಣ್ಣ ಕೆಳಗೆ ಹಾರಿದ. ತಾನೇ ಕಟ್ಟಿದ ಬಳ್ಳಿಯನ್ನು ತಾನೇ ಬಿಚ್ಚಿಕೊಂಡು ಕೆರೆಯ ಕಡೆ ಓಡಿದ.

"ಅಜ್ಜ, ಜೋಲಿ ಬಂಡಿ ಹೊರಡಿಸಿ! ತಪ್ಪಾಯ್ತು, ಬೇಗ!"

ಜೋಲಿಯಲ್ಲಿ ಹುಲ್ಲು ಹಾಸಿ ಮೊಟ್ಟೆಗಳನ್ನಿಟ್ಟರು. ಮೇಲೆ ಗೌಜವ್ವ ಕಾವಿಗೆ ಕೂತಳು. ಅದೇ ಕಲ್ಲು, ಅದೇ ಗುಂಡಿ. ಗಾಲಿಗಳು ಕೆಳಗೆ ಕುಣಿದವು, ಜೋಲಿ ಮಾತ್ರ ಮೆಲ್ಲಗೆ ತೂಗಿತು. ಚಂಗಣ್ಣ ದಾರಿಯುದ್ದಕ್ಕೂ ಪಕ್ಕದಲ್ಲೇ ನಡೆದ. ಮೊದಲ ಹನಿ ಬೀಳುವ ಹೊತ್ತಿಗೆ ಏಳೂ ಮೊಟ್ಟೆ ಗುಡ್ಡದ ಮೇಲೆ ಬೆಚ್ಚಗಿದ್ದವು.

ಕೆರೆ ತುಂಬಿತು. ಮೊಟ್ಟೆಯೊಡೆದು ಏಳು ಮರಿಗಳು ಬಂದವು. ಮುಳ್ಳಜ್ಜ ಇನ್ನೊಂದು ಹೊಸ ಬಂಡಿ ಮಾಡಿ ತಂದಾಗ ಚಿಗರೆ ಛೇಡಿಸಿದ: "ಅಂಗಳವೆಲ್ಲ ನೀರು. ಇನ್ನು ಪರೀಕ್ಷೆ ಎಲ್ಲಿ ಮಾಡ್ತೀಯಣ್ಣ?"

ಚಂಗಣ್ಣ ಏಳು ಅತ್ತಿಹಣ್ಣು ಆರಿಸಿಕೊಂಡು ಬಂಡಿ ಹತ್ತಿದ.

"ಅಜ್ಜ, ಇದು ಯಾವ ದಾರಿಗೆ ಅಂತ ಮೊದಲು ಹೇಳಿ. ಅಲ್ಲೇ ಹೋಗೋಣ."

ನೀತಿ: ಒಂದು ವಸ್ತು ಎಲ್ಲಿ ದಿನವೂ ದುಡಿಯಬೇಕೋ ಅಲ್ಲೇ ಅದನ್ನು ಪರೀಕ್ಷಿಸಿ ನೋಡಬೇಕು, ಬೇರೆಲ್ಲೋ ಗೆದ್ದದ್ದು ನಮ್ಮ ಕೆಲಸಕ್ಕೆ ಒದಗುತ್ತದೆಂದು ನಂಬಬಾರದು.