ಹೊಸ್ತಿಲ ಮೇಲಿನ ಅಂಬಲಿ

ಊರೂರಿಗೆ ಜ್ವರ ಹಬ್ಬಿದ ವರ್ಷ. ಉಸಿರಿನಿಂದ ಅಂಟುತ್ತದೆ ಅಂದಿದ್ದೇ ತಡ, ಹೆತ್ತವರನ್ನು ಮುಟ್ಟಲಿಕ್ಕೂ ಮಕ್ಕಳು ಹೆದರಿದರು.

ಹೊಳೆದಂಡೆಯ ಮಠದಲ್ಲೂ ಅಷ್ಟೇ. ಹಿಂದಿನ ಗುಡಿಸಲಲ್ಲಿ ಸಂಕವ್ವ ಹಾಸಿಗೆ ಹಿಡಿದಿದ್ದಳು. ಹಣ್ಣು ಹಣ್ಣು ಮುದುಕಿ. ಸಾಮಾನ್ಯದವಳಲ್ಲ ಬಿಡಿ, ಹರೆಯದಲ್ಲಿ ಕಟ್ಟಿಕೊಂಡ ಗಂಡನನ್ನು ಬಿಟ್ಟು ಬಳೆಗಾರನ ಬೆನ್ನು ಹತ್ತಿದವಳು. ಅವನೂ ಕೈಕೊಟ್ಟ ಮೇಲೆ ಮಠಕ್ಕೆ ಬಂದು ಕಸ ಹೊಡೆದುಕೊಂಡಿದ್ದಳು.

ಅವಳಿಗೆ ಅಂಬಲಿ ಒಯ್ಯುವ ಕೆಲಸ ಶಿಷ್ಯ ಅಡಿವೆಪ್ಪನದು.

ಗುರುಗಳು ಆಚೆ ಊರಿನ ರೋಗಿಗಳನ್ನು ನೋಡಿಕೊಂಡು ಒಂದು ಸಂಜೆ ಮರಳಿದರು.

"ಸಂಕವ್ವ ಹ್ಯಾಂಗದಾಳ, ತಮ್ಮಾ?"

"ಚೊಲೋ ಅದಾಳ್ರಿ ಅಪ್ಪಾವ್ರೆ. ದಿನಾ ಬಟ್ಟಲ ನೆಕ್ಕಿಟ್ಟಿರ್ತಾಳ."

"ಆಕಿ ಮಾರಿ ನೋಡಿದೇನು?"

"ಹೊಸ್ತಿಲದಾಗ ಇಟ್ಟು, ಚಪ್ಪಾಳಿ ತಟ್ಟಿ ಬಂದಬಿಡ್ತೀನ್ರಿ."

ಗುರುಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಎದ್ದರು.

ಹೊಸ್ತಿಲಲ್ಲಿ ಮಠದ ಕರಿನಾಯಿ ಬಟ್ಟಲು ನೆಕ್ಕುತ್ತಿತ್ತು. ಊರೆಲ್ಲ ಸೊರಗಿದ್ದರೂ ಅದೊಂದು ದುಂಡಗಾಗಿತ್ತು. ಇವರನ್ನು ಕಂಡು ಒಳಹೊಕ್ಕು ಸಂಕವ್ವನ ಕಾಲ ಬಳಿ ಮುದುಡಿ ಮಲಗಿತು. ಕೌದಿಯ ಮೇಲೆ ಅದರ ಮೈಯಳತೆಯ ಕುಳಿ ಆಗಲೇ ಬಿದ್ದಿತ್ತು.

ಸಂಕವ್ವನಲ್ಲಿ ಎಲುಬಷ್ಟೇ ಉಳಿದಿತ್ತು. ತುಟಿ ಒಡೆದಿತ್ತು.

ಗುರುಗಳು ಕೂತು ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡರು.

ಅಡಿವೆಪ್ಪ ಬಾಗಿಲಲ್ಲೇ ನಿಂತ. "ಅಪ್ಪಾವ್ರೆ, ಹೆಂಗಸು! ಅದೂ ಇಂಥಾಕಿ! ಮಂದಿ ಏನಂದಾರು?"

"ನೀರು ತಾ."

"ಆಕಿ ಉಳಿಯೂದಿಲ್ರಿ."

"ಉಳಿಯೂದಿಲ್ಲ. ಬಾಯಿ ಒಣಗೇತಿ. ನೀರು ತಾ."

ಅಡಿವೆಪ್ಪ ಹೊಸ್ತಿಲಿನಿಂದಲೇ ಚಾಚಿದ ತಂಬಿಗೆಯಲ್ಲಿ ಗುರುಗಳು ಹೆಗಲ ವಸ್ತ್ರದ ತುದಿ ಅದ್ದಿ ತುಟಿಗೆ ಹನಿಹನಿಯಾಗಿ ಹಿಂಡಿದರು. ಸಂಕವ್ವ ಕಣ್ಣು ತೆರೆದಳು.

"ಸನ್ಯಾಸಿ ತೊಡಿ ಸಿಕ್ತು," ಅಂದಳು. "ಊರಿಗೆ ವರ್ಷಗಟ್ಲೆ ಮಾತಾತು."

"ಆಡ್ಕೊಳ್ಳಲಿ ಬಿಡವ್ವ."

ಅವಳ ನೋಟ ಬಾಗಿಲಿಗೆ ಹೋಯಿತು. "ಚಪ್ಪಾಳಿ ಕೇಳ್ತಿತ್ತಪ್ಪ. ಏಳಾಕ ಆಗ್ಲಿಲ್ಲ."

ದೀಪ ಹಚ್ಚುವ ಹೊತ್ತಿಗೆ ಹೋಗಿಬಿಟ್ಟಳು.

ಅಡಿವೆಪ್ಪನ ಮುಖ ಕಪ್ಪಿಟ್ಟಿತು. ಒಳಗೆ ನುಗ್ಗಿ, ಮೂಲೆಯ ಕೋಲು ತೆಗೆದು ನಾಯಿಯ ಮೇಲೆ ಎತ್ತಿದ.

"ಮುದುಕಿ ಕೂಳು ತಿಂದು ಆಕೀನ್ನ ಕೊಂದಿ, ಹಲ್ಕಟ್ ನಾಯಿ!"

ಗುರುಗಳು ಕೂತಲ್ಲಿಂದಲೇ ಕೋಲು ಹಿಡಿದರು.

"ಹೊಡೀಬ್ಯಾಡ, ತಮ್ಮಾ. ಅದು ಒಳಗ ಬಂದಿತ್ತು."