ಕಂಬಳಿಯ ಅಂಚು

“ಗುರುಗಳೇ, ಏನೇ ಬಂದರೂ ಮನಸ್ಸು ಅಲುಗಾಡದೆ ನಿಂತರೆ, ಅದೇ ಸಾಧನೆಯಲ್ಲವೇ?” ಎಂದು ಕೆಂಪಸಿದ್ದ ಕೇಳಿದ.

ಅವನು ಆಶ್ರಮಕ್ಕೆ ಬಂದು ಮೂರು ವರ್ಷವಾಗಿತ್ತು. ಹಾಸಿಗೆ ಹಿಡಿದ ತಾಯಿಯನ್ನು ಹೆಂಡತಿಯ ಕೈಗೆ ಒಪ್ಪಿಸಿ ಬಂದವನು. ಹಿಂದಿನ ದಿನ ಹೆಂಡತಿಯಿಂದ ಕಾಗದ ಬಂದಿತ್ತು. ಅತ್ತೆಯನ್ನು ಎತ್ತಿ ಇಳಿಸಿ ಅವಳ ಸೊಂಟ ಹೋಗಿತ್ತು. ಈಗ ಗೋಡೆ ಹಿಡಿದು ನಡೆಯುತ್ತಿದ್ದಳು. ಕೆಂಪಸಿದ್ದ ಕಾಗದ ಓದಿದ, ಮಡಚಿ ಚಾಪೆಯ ಕೆಳಗಿಟ್ಟ, ಅದೇ ಚಾಪೆಯ ಮೇಲೆ ಧ್ಯಾನಕ್ಕೆ ಕೂತ. ಮನಸ್ಸು ಒಂದಿಷ್ಟೂ ಕದಲಲಿಲ್ಲ. ಇದನ್ನೆಲ್ಲ ಗುರುಗಳಿಗೆ ಹೇಳುವಾಗ ಅವನ ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು.

ಗುರುಗಳು ಅವನಿಗೆ ಒಂದು ಕತೆ ಹೇಳಿದರು.

ಒಬ್ಬ ಫೋಟೋಗ್ರಾಫರ್ ಇದ್ದ. ಬೆಟ್ಟ, ಕಾಡು, ಹೂವು, ಹುಲ್ಲು ಬಿಟ್ಟು ಬೇರೇನನ್ನೂ ಅವನು ತೆಗೆಯುತ್ತಿರಲಿಲ್ಲ. ಮನುಷ್ಯರ ಮುಖ ತೆಗೆಯಲು ಊರಿಗೊಂದು ಸ್ಟುಡಿಯೋ ಇದೆಯಲ್ಲ ಎನ್ನುತ್ತಿದ್ದ. ಕೆಲಸದಲ್ಲಿ ನಿಪುಣ. ಹಿಡಿದ ಪಟ್ಟು ಬಿಡುವವನಲ್ಲ.

ಒಂದು ಬೆಟ್ಟದ ನೆತ್ತಿಯಲ್ಲಿ, ಪ್ರಪಾತದ ಅಂಚಿನಿಂದ ನಾಲ್ಕು ಹೆಜ್ಜೆ ಈಚೆಗೆ, ಅಪರೂಪದ ಗಿಡವೊಂದು ಹೂ ಬಿಟ್ಟಿದೆ ಎಂದು ಅವನಿಗೆ ತಿಳಿಯಿತು. ಗೇಣುದ್ದದ ಗಿಡ, ದಾರದಂಥ ಕಾಂಡ. ಹೂವು ಹತ್ತು ಹನ್ನೆರಡು ದಿನ ಇದ್ದು ಉದುರಿಹೋಗುತ್ತದೆ. ಸೂರ್ಯ ಹುಟ್ಟುವ ಮುನ್ನ, ಬೆಳಕು ಇನ್ನೂ ನೀಲಿಯಾಗಿರುವಾಗಲೇ ಅದನ್ನು ತೆಗೆಯಬೇಕೆಂದು ಅವನ ಹಟ. ಅಷ್ಟು ಕಡಿಮೆ ಬೆಳಕಿನಲ್ಲಿ ಚಿತ್ರ ಮೂಡಬೇಕಾದರೆ, ನಾಲ್ಕು ಎಣಿಸುವಷ್ಟು ಹೊತ್ತು ಕ್ಯಾಮೆರಾದ ಕಣ್ಣು ತೆರೆದಿರಬೇಕು. ಆ ನಾಲ್ಕು ಎಣಿಕೆಯಲ್ಲಿ ಹೂವು ಕೂದಲೆಳೆಯಷ್ಟು ಅಲ್ಲಾಡಿದರೂ ಚಿತ್ರ ಕಲಸಿಹೋಗುತ್ತದೆ.

ಆ ಬೆಟ್ಟದಲ್ಲೋ, ಗಾಳಿಯದೇ ಕಾರುಬಾರು. ಕಣಿವೆಯಿಂದ ಎದ್ದು, ಅಂಚು ಹತ್ತಿ, ನೇರ ಎದೆಗೆ ಬಂದು ಬಡಿಯುವ ಗಾಳಿ. ದೂರದ ಬೆಟ್ಟ ನುಣ್ಣಗೆ ಎಂಬುದು ಫೋಟೋಗ್ರಾಫರನಿಗೆ ಮೊದಲ ದಿನವೇ ಗೊತ್ತಾಯಿತು. ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡಿಗೆ ಕಲ್ಲು ತುಂಬಿದ ಚೀಲ ಕಟ್ಟಿದ. ಸ್ಟ್ಯಾಂಡ್ ನಿಂತಿತು, ಹೂವು ನಿಲ್ಲಲಿಲ್ಲ. ಕಡ್ಡಿ ಊರಿ ಕಾಂಡವನ್ನು ಅದಕ್ಕೆ ಕಟ್ಟಿದ. ಕಾಂಡ ನಿಂತಿತು, ಎಸಳುಗಳು ನಡುಗಿದವು. ಅವನು ತಲೆಯ ಮೇಲೆ ಕೈ ಹೊತ್ತು ಕೂತ.

ಬೆಟ್ಟದ ಬುಡದ ಊರಿನ ಒಬ್ಬ ಕುರಿಗಾಹಿ ಅವನಿಗೆ ದಾರಿ ತೋರಿಸಲು ಬಂದಿದ್ದ. ಈ ಪಾಡು ನೋಡಲಾರದೆ ಅವನು ತನ್ನ ಹೆಗಲ ಮೇಲಿನ ಕರಿಕಂಬಳಿ ಬಿಡಿಸಿದ. ಹೂವಿಗೂ ಪ್ರಪಾತಕ್ಕೂ ನಡುವೆ, ಕಣಿವೆಗೆ ಬೆನ್ನು ಮಾಡಿ, ಕಂಬಳಿಯನ್ನು ಬೆನ್ನ ಹಿಂದೆ ಹರಡಿ, ಎರಡೂ ಕೈ ಚಾಚಿ ನಿಂತ. ಹೂವಿನ ನಡುಕ ಅರ್ಧ ಇಳಿಯಿತು. ಮರುದಿನವೂ ನಿಂತ, ಅದರ ಮರುದಿನವೂ ನಿಂತ. ಗಾಳಿಯ ಹೊಡೆತಕ್ಕೆ ಮುಂದೆ ಮುಗ್ಗರಿಸದ ಹಾಗೆ ಹಿಂದಕ್ಕೆ ವಾಲಿ ನಿಲ್ಲುತ್ತಿದ್ದ. ಬರಬರುತ್ತ, ಗೋಡೆಗೆ ಒರಗುವ ಹಾಗೆ ಗಾಳಿಗೆ ಒರಗಿ ನಿಲ್ಲುವುದು ಅವನಿಗೆ ರೂಢಿಯಾಯಿತು.

ಒಂದು ದಿನ ಅವನು ನಾಚುತ್ತ, ತನ್ನದೂ ಹೆಂಡತಿಯದೂ ಒಂದು ಪಟ ತೆಗೆದುಕೊಡಬೇಕೆಂದು ಕೇಳಿದ. ಮೊದಲು ಹೂವು ಮುಗಿಯಲಿ, ಆಮೇಲೆ ನೋಡೋಣ ಎಂದ ಫೋಟೋಗ್ರಾಫರ್. ಕುರಿಗಾಹಿ ಮತ್ತೆ ಕೇಳಲಿಲ್ಲ.

ಆದರೆ ಒಂದು ತೊಡಕಿತ್ತು. ಹೂವಿನ ಪಕ್ಕದಿಂದ ತೆಗೆದ ಪ್ರತಿ ಚಿತ್ರದ ಮೂಲೆಯಲ್ಲೂ ಕಂಬಳಿಯ ಕಪ್ಪು ಅಂಚು ಇಣುಕುತ್ತಿತ್ತು. ಹೂವು ಕದಲದ ಒಂದೆರಡು ಚಿತ್ರಗಳೂ ಅದರಿಂದಲೇ ಕೆಟ್ಟವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂದು ಹೆಜ್ಜೆ ಹಿಂದೆ ಎಂದು ಫೋಟೋಗ್ರಾಫರ್ ದಿನಾ ಹೇಳುತ್ತಿದ್ದ. ಕುರಿಗಾಹಿ ದಿನಾ ಅಷ್ಟಿಷ್ಟು ಸರಿಯುತ್ತಿದ್ದ.

ಹನ್ನೊಂದನೆಯ ದಿನ ಗಿಡದಲ್ಲಿ ಒಂದೇ ಹೂವು ಉಳಿದಿತ್ತು. ಫೋಟೋಗ್ರಾಫರ್ ಕಣ್ಣನ್ನು ಕ್ಯಾಮೆರಾಕ್ಕೆ ಒತ್ತಿಕೊಂಡೇ ಕೂಗಿದ.

“ಅಂಚು ಇನ್ನೂ ಕಾಣ್ತಿದೆ. ಒಂದು ಹೆಜ್ಜೆ ಹಿಂದೆ ಹೋಗು.”

“ಹಿಂದೆ ಜಾಗ ಇಲ್ಲ ಸ್ವಾಮಿ. ಇರೋದು ಬರೀ ಗಾಳಿ.”

“ಆ ಗಾಳಿ ತಡೆಯೋಕೇ ಅಲ್ವೇನಯ್ಯ ನೀನು ನಿಂತಿರೋದು? ಅರ್ಧ ಹೆಜ್ಜೆ ಸಾಕು.”

ಕುರಿಗಾಹಿ ಅರ್ಧ ಹೆಜ್ಜೆ ಸರಿದ. ಚಿತ್ರದ ಮೂಲೆಯಿಂದ ಕಪ್ಪು ಅಂಚು ಹೋಯಿತು.

ಆಗ ಗಾಳಿ ನಿಂತಿತು.

ಹನ್ನೊಂದು ದಿನ ಒಮ್ಮೆಯೂ ಬಿಡುವು ಕೊಡದಿದ್ದ ಗಾಳಿ, ಯಾರೋ ಬಾಗಿಲು ಮುಚ್ಚಿದ ಹಾಗೆ ನಿಂತಿತು. ಹೂವೂ ನಿಂತಿತು. ಫೋಟೋಗ್ರಾಫರ್ ಗುಂಡಿ ಒತ್ತಿ ಹಿಡಿದು ಒಂದು ಎಂದು ಎಣಿಸಿದ. ಗಾಳಿಯ ಸದ್ದಿಲ್ಲದ್ದರಿಂದ ಸಣ್ಣ ಸಪ್ಪಳವೂ ಕಿವಿಗೆ ಬೀಳುತ್ತಿತ್ತು. ಎರಡಕ್ಕೆ, ಕಲ್ಲು ಜಾರಿದ ಸದ್ದು ಕೇಳಿತು. ಮೂರಕ್ಕೆ, ಸ್ವಾಮೀ ಎಂಬ ಕೂಗು ಕೇಳಿತು. ಕೂಗು ಕೆಳಗಿನಿಂದ ಬಂತು. ಅವನ ಕಣ್ಣು ಹೂವಿನ ಮೇಲಿತ್ತು, ಬೆರಳು ಗುಂಡಿಯ ಮೇಲಿತ್ತು. ನಾಲ್ಕು ಎಂದು ಎಣಿಸಿ, ಬೆರಳು ತೆಗೆದು, ಆಮೇಲೆ ತಲೆಯೆತ್ತಿದ.

ಅಂಚಿನಲ್ಲಿ ಯಾರೂ ಇರಲಿಲ್ಲ. ಒರಗಿದ್ದ ಗಾಳಿ ಸರಿದುಬಿಟ್ಟಿತ್ತು, ಒರಗಿದವನು ಹಿಮ್ಮುಖವಾಗಿ ಹೋಗಿದ್ದ.

ಎರಡಕ್ಕೇ ಎದ್ದು ಓಡಿದ್ದರೂ ಕುರಿಗಾಹಿ ಕೈಗೆ ಸಿಗುತ್ತಿರಲಿಲ್ಲ. ಅದು ಫೋಟೋಗ್ರಾಫರನಿಗೆ ಗೊತ್ತಿತ್ತು. ಕೂಗು ಕೇಳಿದ ಮೇಲೂ, ನಾಲ್ಕು ಎಣಿಸುವಾಗ ತನಗೆ ಸಂತೋಷವಾಗಿತ್ತು ಎಂಬುದೂ ಗೊತ್ತಿತ್ತು. ಅದನ್ನು ಅವನು ಬಹಳ ವರ್ಷ ಯಾರಿಗೂ ಹೇಳಲಿಲ್ಲ.

ತಿಥಿಗೆ ಎರಡು ದಿನ ಇರುವಾಗ ಕುರಿಗಾಹಿಯ ಹೆಂಡತಿ ಫೋಟೋಗ್ರಾಫರನ ಮನೆ ಹುಡುಕಿಕೊಂಡು ಬಂದಳು. ಬೈಯಲಿಲ್ಲ, ಅಳಲಿಲ್ಲ. ಬಾಗಿಲಲ್ಲೇ ನಿಂತು, “ಅಷ್ಟು ದಿನ ನಿಮ್ಮ ಜೊತೇಲೇ ಇದ್ರಲ್ಲ ಸ್ವಾಮಿ, ಅವರ ಪಟ ಒಂದಿದ್ರೆ ಕೊಡಿ. ಮುಂದಿಟ್ಟು ಹೂವು ಹಾಕೋಕೆ ಮನೇಲಿ ಒಂದೂ ಇಲ್ಲ” ಎಂದಳು.

ಅವನು ಹನ್ನೊಂದು ದಿನದ ಚಿತ್ರಗಳನ್ನೆಲ್ಲ ಹರಡಿ ಹುಡುಕಿದ. ಗಿಡ ಇತ್ತು, ಹುಲ್ಲು ಇತ್ತು, ಬಂಡೆ ಇತ್ತು. ಕುರಿಗಾಹಿ ಇರಲಿಲ್ಲ. ಕೆಟ್ಟವೆಂದು ಬಿಸಾಡಿದ್ದ ಚಿತ್ರಗಳನ್ನೂ ಬುಟ್ಟಿಯಿಂದ ಹೆಕ್ಕಿದ. ಅವುಗಳ ಮೂಲೆಯಲ್ಲಿ ಕಂಬಳಿಯ ಅಂಚಿತ್ತು. ಒಂದರಲ್ಲಿ ಮಾತ್ರ, ಅಂಚನ್ನು ಬಿಗಿಹಿಡಿದ ಹೆಬ್ಬೆರಳು ಬಂದಿತ್ತು. ಹೆಂಗಸು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಇದು ಅವರದೇ ಎಂದು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಹೂವಿನ ಚಿತ್ರಕ್ಕೆ ದೊಡ್ಡ ಹೆಸರು ಬಂತು. ಊರೂರಿನ ಪ್ರದರ್ಶನಗಳಲ್ಲಿ ಅದನ್ನು ತೂಗುಹಾಕಿದರು. ಅದರ ಮುಂದೆ ನಿಂತವರೆಲ್ಲ, ಎಂಥ ಶಾಂತಿ, ಒಂದು ಎಸಳೂ ಅಲುಗಾಡಿಲ್ಲ ಎನ್ನುತ್ತಿದ್ದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. “ಪಾಪ, ಅವನು ಬೇಕೆಂದು ಮಾಡಿದ್ದಲ್ಲವಲ್ಲ ಗುರುಗಳೇ. ಅದಕ್ಕೂ ನನ್ನ ಪ್ರಶ್ನೆಗೂ ಏನು ಸಂಬಂಧ?” ಎಂದ ಕೆಂಪಸಿದ್ದ.

ಗುರುಗಳು ಅವನ ಚಾಪೆಯ ಕಡೆ ನೋಡಿದರು.

“ನಿನ್ನ ಮನಸ್ಸು ಅಲುಗಾಡದ ಹಾಗೆ ಅಡ್ಡ ನಿಂತಿದ್ದಾಳಲ್ಲ, ಅವಳ ಬೆನ್ನ ಹಿಂದೆ ಇನ್ನೆಷ್ಟು ಹೆಜ್ಜೆ ಜಾಗ ಉಳಿದಿದೆಯಪ್ಪ?”